ಉಸುಕಿನ ಮೇಲೆ ಹಾಸಿದ ಜಮಖಾನೆ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ಎಂಟು ದಿನವಾಗಿತ್ತು. ನಾವು ಏಳು ಮಂದಿ ಗದಗಿನಿಂದ ಅಂಡಮಾನಿಗೆ ಹೊರಟೆವು.

ನಾನು ಮೂವತ್ತೊಂದು ವರ್ಷ ಗದಗಿನಲ್ಲಿ ಪತ್ರಿಕಾ ವರದಿಗಾರನಾಗಿ ದುಡಿದು ನಿವೃತ್ತನಾದವನು. ಮನೆ ಬೆಟಗೇರಿಯಲ್ಲಿ, ಮಕ್ಕಳು ಬೇರೆ ಊರುಗಳಲ್ಲಿ. ಬೇರೆಯವರ ಸುಖದುಃಖ ಬರೆಯುವುದು ನನ್ನ ಕೆಲಸವಾಗಿತ್ತು, ನನ್ನದನ್ನು ಎಂದೂ ಬರೆದವನಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ಅಂದು ತಪ್ಪು ಮಾಡಿದವನು ನಾನು. ಆ ತಪ್ಪನ್ನು ನಮ್ಮ ಕಡೆಯವರು ಯಾರು ಬೇಕಾದರೂ ಮಾಡಿಯಾರು.

ಪ್ರವಾಸಕ್ಕೆ ನೆಪವಾದದ್ದು ನನ್ನ ಹೆಂಡತಿ ಶಾರದೆಯ ಅಕ್ಕ ಗೌರವ್ವ. ಆಕೆ ಲಕ್ಷ್ಮೇಶ್ವರದವರು. ಅವರ ಮಗ ವೀರೇಶ ಬ್ಯಾಂಕಿನಲ್ಲಿ ಅಧಿಕಾರಿ. ಅವನಿಗೆ ಅಂಡಮಾನಿನ ಒಂದು ಸಣ್ಣ ದ್ವೀಪಕ್ಕೆ ವರ್ಗವಾಗಿ ಒಂದೂವರೆ ವರ್ಷವಾಗಿತ್ತು. ಮಗ ಅಲ್ಲಿ ಏನು ತಿನ್ನುತ್ತಾನೋ ನೋಡಿಯೇ ಬರಬೇಕು ಎಂದು ಗೌರವ್ವ ಹಟ ಹಿಡಿದರು. ಆಕೆಗೆ ಮೊಣಕಾಲು ನೋವು, ಒಬ್ಬರನ್ನೇ ಕಳಿಸುವಂತಿರಲಿಲ್ಲ. ನಾವಿಬ್ಬರು ಹೊರಟೆವು. ನನ್ನ ಗೆಳೆಯ ಕಳಕಪ್ಪ ಮಾಸ್ತರರೂ ಅವರ ಮನೆಯವರೂ ಕೂಡಿಕೊಂಡರು. ಮಾಸ್ತರರಿಗೆ ಪರಿಚಯದ ಮುಳಗುಂದದ ಕಿರಾಣಿ ವ್ಯಾಪಾರಿ ಶಂಕ್ರಪ್ಪ ಮತ್ತು ಅವರ ಹೆಂಡತಿಯೂ ಬಂದರು.

ಕಳಕಪ್ಪ ಮಾಸ್ತರರು ಮುಂಡರಗಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಪ್ರವಾಸಕ್ಕೆ ಅವರು ಎರಡು ನಿಯಮ ಮಾಡಿದ್ದರು. ಏಳು ತಲೆ ಎಣಿಸದೆ ಯಾರೂ ಹೆಜ್ಜೆ ಕೀಳಬಾರದು. ಯಾರಾದರೂ ತಪ್ಪಿಸಿಕೊಂಡರೆ ಹುಡುಕುತ್ತ ತಿರುಗದೆ, ಗುಂಪು ಬಿಟ್ಟ ಜಾಗಕ್ಕೇ ಬಂದು ನಿಲ್ಲಬೇಕು. ಇವು ಮಾಸ್ತರರು ಹೊಸದಾಗಿ ಕಂಡುಹಿಡಿದ ನಿಯಮಗಳೇನಲ್ಲ. ಸಂತೆಗೆ ಹೋಗಲಿ, ಮದುವೆಯ ದಿಬ್ಬಣಕ್ಕೆ ಹೋಗಲಿ, ಕೂಡಿ ಹೋಗುವುದು ಕೂಡಿ ಬರುವುದು ನಮ್ಮ ಕಡೆಯ ರೂಢಿ. ಒಬ್ಬರು ಚಹಾ ಕುಡಿಯಲು ಇಳಿದರೆ ಇಡೀ ಬಸ್ಸು ಕಾಯುತ್ತದೆ. ಬಿಟ್ಟು ಹೋದವನನ್ನು ಹತ್ತು ವರ್ಷವಾದರೂ ಊರು ಆಡಿಕೊಳ್ಳುತ್ತದೆ.

ನಿಯಮ ದಾರಿಯುದ್ದಕ್ಕೂ ಚೆನ್ನಾಗಿಯೇ ನಡೆಯಿತು. ಪೋರ್ಟ್ ಬ್ಲೇರಿನಲ್ಲಿ ಮಾತ್ರ ಗೌರವ್ವನ ರೊಟ್ಟಿ ಗಂಟು ಸಿಗದೆ ನಾವೆಲ್ಲ ಹಡಗಿನ ಮೆಟ್ಟಿಲಿಗೆ ಅಡ್ಡ ನಿಂತುಬಿಟ್ಟೆವು. ಹಡಗಿನವನು ಬೈದ. ಮಾಸ್ತರರು ಅವನಿಗೆ ಹಿಂದಿಯಲ್ಲಿ ಶಿಸ್ತಿನ ಪಾಠ ಹೇಳಿದರು. ಗಂಟು ಸಿಕ್ಕಿತು, ಏಳೂ ಮಂದಿ ಹತ್ತಿದೆವು.

ವೀರೇಶ ಬಂದರಿಗೆ ಬಂದು ನಮ್ಮನ್ನು ಕರೆದೊಯ್ದ. ಅವನ ಕ್ವಾರ್ಟರ್ಸ್ ಸ್ವಲ್ಪ ಎತ್ತರದಲ್ಲಿತ್ತು. ದಾರಿಯಲ್ಲಿ ಅಲ್ಲಲ್ಲಿ ಫಲಕಗಳು ಕಂಡವು. ಓಡುತ್ತಿರುವ ಮನುಷ್ಯ, ಅವನ ಹಿಂದೆ ಅಲೆ, ಮೇಲಕ್ಕೆ ತೋರಿಸುವ ಬಾಣ. ವೀರೇಶ ಜೀಪಿನಿಂದಲೇ ಕೈ ತೋರಿಸಿ, ನೆಲ ಜೋರಾಗಿ ನಡುಗಿದರೆ ಇದೇ ದಾರಿಯಲ್ಲಿ ಮೇಲೆ ಹೋಗಬೇಕು ಎಂದ. ಅವನ ತಾಯಿ ಅದೇ ಹೊತ್ತಿಗೆ, ಇಲ್ಲಿ ಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಕೇಳಿದರು. ಮಾತು ಹಿಟ್ಟಿನ ಕಡೆ ತಿರುಗಿತು. ನಾನು ಮಾತ್ರ ಫಲಕದ ವಿವರವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವುದು ನನ್ನ ವೃತ್ತಿಯ ಚಟ.

ಸುನಾಮಿ ಎಂಬುದು ನನಗೆ ಹೊಸ ಮಾತಾಗಿರಲಿಲ್ಲ. ೨೦೦೪ರ ಡಿಸೆಂಬರಿನ ಆ ಭಾನುವಾರ ನನ್ನನ್ನು ಸುದ್ದಿ ತಿದ್ದುವ ಡೆಸ್ಕಿಗೆ ಹಾಕಿದ್ದರು. ಆಮೇಲೆ ಹಲವು ದಿನ ಅದೇ ಸುದ್ದಿಯನ್ನು ತಿದ್ದಿದೆ, ತಲೆಬರಹ ಕೊಟ್ಟೆ. ಸತ್ತವರ ಸಂಖ್ಯೆ ದಿನದಿನಕ್ಕೂ ಬದಲಾಗುತ್ತಿತ್ತು, ನಾನು ಬದಲಾಯಿಸುತ್ತಿದ್ದೆ. ಬದುಕಿದವರು ಹೇಗೆ ಬದುಕಿದರು ಎಂದು ಒಮ್ಮೆಯೂ ಕುಳಿತು ಓದಿದ ನೆನಪಿಲ್ಲ.

ಮೂರನೆಯ ದಿನ ಬೆಳಿಗ್ಗೆ ವೀರೇಶ ಬ್ಯಾಂಕಿಗೆ ಹೋದ. ಬ್ಯಾಂಕು ಅವನ ಕ್ವಾರ್ಟರ್ಸಿನ ಹತ್ತಿರವೇ, ಮೇಲಿನ ರಸ್ತೆಯಲ್ಲಿತ್ತು. ನಾವು ಏಳೂ ಮಂದಿ ಸಮುದ್ರ ದಂಡೆಗೆ ಇಳಿದೆವು. ದಂಡೆಯ ಅಂಚಿನ ತೆಂಗಿನ ಮರಗಳ ಕೆಳಗೆ ಒಂದು ಚಹಾ ಅಂಗಡಿ ಇತ್ತು. ಅದನ್ನು ನಡೆಸುವವಳು ಫೂಲ್ಮಣಿ ಎಂಬ ಐವತ್ತರ ಆಸುಪಾಸಿನ ಹೆಂಗಸು. ಅವಳ ಅಜ್ಜನ ಕಾಲದಲ್ಲಿ ರಾಂಚಿ ಕಡೆಯಿಂದ ಬಂದು ಅಲ್ಲಿಯೇ ನೆಲೆಸಿದ ಕುಟುಂಬ. ಮಾತು ಕಡಿಮೆ. ಗೌರವ್ವ ಮಾತ್ರ ಲಕ್ಷ್ಮೇಶ್ವರದ ಸಂತೆಯಲ್ಲಿ ಕಲಿತ ಹಿಂದಿಯಲ್ಲಿ ಅವಳನ್ನು ಎರಡೇ ದಿನದಲ್ಲಿ ಮಾತಿಗೆ ಎಳೆದುಬಿಟ್ಟಿದ್ದರು.

ಚಹಾ ಆದ ಮೇಲೆ ಗೌರವ್ವನಿಗೆ ಹಸಿಮೆಣಸಿನಕಾಯಿ ನೆನಪಾಯಿತು. ಮಗನಿಗೆ ಒಂದು ದಿನವಾದರೂ ಮಿರ್ಚಿ ಭಜಿ ಮಾಡಿ ಹಾಕಬೇಕು, ದಪ್ಪ ಮೆಣಸಿನಕಾಯಿ ಬಂದರಿನ ಹತ್ತಿರದ ಕಾಯಿಪಲ್ಲೆ ಬಜಾರದಲ್ಲಿ ಸಿಗುತ್ತದೆ ಎಂದು ಫೂಲ್ಮಣಿಯೇ ಹೇಳಿದ್ದಳು. ಬಂದರು ಅಲ್ಲಿಂದ ಒಂದೂವರೆ ಕಿಲೋಮೀಟರ್, ದಂಡೆಗುಂಟ ರಸ್ತೆ. ಶಾರದೆ ಅಕ್ಕನ ಜೊತೆ ಆಟೊ ಹತ್ತಿದಳು. ಹೊರಡುವಾಗ ಮಾಸ್ತರರು ಎಂದಿನಂತೆ ಹೇಳಿದರು:

"ಅಕ್ಕಾರ, ನಾವು ಇಲ್ಲೇ ಇರ್ತೀವಿ. ಏನರ ಆದ್ರ ಸೀದಾ ಇಲ್ಲಿಗೇ ಬಂದ್ಬಿಡ್ರಿ."

"ನಾ ಎಲ್ಲಿ ಹೊಕ್ಕೀನ್ರೀ ಮಾಸ್ತರ, ಸಮುದ್ರ ದಾಟಿ ಲಕ್ಷ್ಮೇಶ್ವರಕ್ಕ?" ಎಂದು ಗೌರವ್ವ ನಕ್ಕು ಹೋದರು.

ಅವರು ಹೋಗಿ ಅರ್ಧ ತಾಸು ಆಗಿರಬೇಕು. ನನ್ನ ಗಡಿಯಾರದಲ್ಲಿ ಹತ್ತಕ್ಕೆ ಹದಿನೆಂಟು ನಿಮಿಷ ಕಡಿಮೆ. ನಾನು ಕುಳಿತಿದ್ದ ಹಲಗೆ ಅಲುಗಿತು. ಶಂಕ್ರಪ್ಪ ಕಾಲು ಅಲ್ಲಾಡಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಚಹಾದ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ತೆಂಗಿನ ಮರಗಳು ಗಾಳಿಯಿಲ್ಲದೆ ತೂಗಿದವು. ಎರಡು ಕಾಯಿ ಧೊಪ್ಪನೆ ಬಿದ್ದವು. ನಡುಕ ನಿಲ್ಲಲಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನೆಲ ಹಾಗೇ ಇತ್ತು, ಎದ್ದು ನಿಲ್ಲಲು ಹೋದ ಮಾಸ್ತರರು ಮತ್ತೆ ಕುಳಿತರು.

ಎಲ್ಲರೂ ನನ್ನ ಮುಖ ನೋಡಿದರು. "ನೀವು ಪೇಪರ್‌ನವರು, ಹೇಳ್ರಿ, ಏನ್ ಮಾಡೂದು?" ಎಂದರು ಮಾಸ್ತರರು.

ನನಗೆ ಉತ್ತರ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ಹೊತ್ತಿಗೆ ನಾನು ಹೊಸ ವರದಿಗಾರ. ಅಂದು ಗದಗಿನಲ್ಲೂ ಪಾತ್ರೆ ಅಲುಗಿದವು ಎಂದು ಜನ ಹೆದರಿದ್ದರು. ನಮ್ಮ ಓಣಿಯವರೆಲ್ಲ ಜಮಖಾನೆ, ನೀರಿನ ಕೊಡ ಎತ್ತಿಕೊಂಡು ಬಯಲಿಗೆ ಹೋಗಿ ಕುಳಿತರು. ಮನೆಯೊಳಗೆ ನಿಲ್ಲಬೇಡಿ, ಮರದ ಕೆಳಗೆ ನಿಲ್ಲಬೇಡಿ, ಬಯಲಿಗೆ ಬನ್ನಿ, ಮನೆಯವರೆಲ್ಲ ಕೂಡಿ ಇರಿ ಎಂದು ಬಲ್ಲವರನ್ನು ಕೇಳಿ ನಾನೇ ಬರೆದಿದ್ದೆ. ಮೂವತ್ತು ವರ್ಷದ ಹಿಂದಿನ ಆ ನಾಲ್ಕು ವಾಕ್ಯ ನಾಲಿಗೆಯ ತುದಿಯಲ್ಲೇ ಇದ್ದವು. ಅವನ್ನೇ ಹೇಳಿದೆ.

ಆ ದ್ವೀಪದಲ್ಲಿ ಮರವಿಲ್ಲದ, ಮನೆಯಿಲ್ಲದ ಬಯಲು ಎಂದರೆ ಸಮುದ್ರದ ಉಸುಕು.

ಮಾಸ್ತರರು ಸೀಟಿ ಊದಿದರು. ಐವರೂ ಸಾಲಾಗಿ ಉಸುಕಿಗೆ ಇಳಿದೆವು. ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಶಂಕ್ರಪ್ಪನ ಹೆಂಡತಿ ಜಮಖಾನೆ ಹಾಸಿದರು. ಮಾಸ್ತರರು ತಲೆ ಎಣಿಸಿದರು. ಐದು. ಇನ್ನಿಬ್ಬರು ಬರಬೇಕು. ಅವರಿಗೆ ಜಾಗ ಗೊತ್ತಿದೆ, ಬಂದೇ ಬರುತ್ತಾರೆ, ಅಲ್ಲಿಯ ತನಕ ಇಲ್ಲೇ ಕುಳಿತಿರೋಣ ಎಂದು ತೀರ್ಮಾನವಾಯಿತು. ಫೋನು ಮಾಡಿದೆ, ಹತ್ತಲಿಲ್ಲ. ಗಾಬರಿ ಇಳಿದ ಮೇಲೆ ಬರುವ ಹುರುಪು ಎಲ್ಲರಿಗೂ ಬಂದಿತ್ತು. ಶಂಕ್ರಪ್ಪ ಚಕ್ಕುಲಿ ಡಬ್ಬಿ ತೆಗೆದರು.

"ಊರಾಗ ಹೇಳಿದ್ರ ಯಾರೂ ನಂಬೂದಿಲ್ಲ ನೋಡ್ರಿ. ಭೂಮಿ ನಡುಗಿದ್ರೂ ಮಾಸ್ತರ ಹಾಜರಿ ತಗೊಂಡ್ರು ಅಂತ."

ನಾವು ನಕ್ಕೆವು. ನಾನು ನೋಟ್‌ಬುಕ್ ತೆಗೆದು ಸಮಯ ಬರೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಫೂಲ್ಮಣಿ ಬಂದಳು. ಅಂಗಡಿ ಮುಚ್ಚಿರಲಿಲ್ಲ, ಒಲೆಯ ಮೇಲಿನ ಪಾತ್ರೆ ಇಳಿಸಿ ಬೆಂಕಿಗೆ ನೀರು ಹಾಕಿ ಬಂದಿದ್ದಳು ಅಷ್ಟೆ. ಕೈಯಲ್ಲಿ ಒಂದು ಚೀಲ. ಅವಳು ಮಾತಾಡಿದ್ದು ಹಿಂದಿಯಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏಳಿ. ಮೇಲೆ ನಡೆಯಿರಿ" ಎಂದಳು.

ನಾನು ಸಮಾಧಾನವಾಗಿಯೇ ವಿವರಿಸಿದೆ. ನಡುಕ ನಿಂತಿದೆ, ಸೈರನ್ ಏನೂ ಆಗಿಲ್ಲ, ನಮ್ಮವರಿಬ್ಬರು ಬಂದರಿನಿಂದ ಬರಬೇಕು, ಬಂದ ಕೂಡಲೇ ಹೊರಡುತ್ತೇವೆ ಎಂದೆ. ನೆಲ ಇಷ್ಟು ಹೊತ್ತು ಅಲುಗಿದ್ದೇ ಸೈರನ್, ಇನ್ನೊಂದನ್ನು ನಾವು ಕಾಯುವುದಿಲ್ಲ ಎಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ನೀವು ಇಲ್ಲಿ ಇರುತ್ತೀರಿ ಅಂತ ಅವರಿಗೆ ಗೊತ್ತೇನು?"

"ಗೊತ್ತು. ಅದಕ್ಕೇ ಕಾಯುತ್ತಿದ್ದೇವೆ."

"ಹಾಗಾದರೆ ಅವರನ್ನು ಸಮುದ್ರಕ್ಕೆ ಕರೆಯುತ್ತಿರುವವರು ನೀವೇ."

ಆ ಮಾತು ತಲೆಗೆ ಹೋಗಲು ನನಗೆ ಕ್ಷಣ ಹಿಡಿಯಿತು. ಗೌರವ್ವನ ಸ್ವಭಾವ ನನಗೆ ಗೊತ್ತು. ಏನಾದರೂ ಆದರೆ ಇಲ್ಲಿಗೇ ಬರಬೇಕು ಎಂದು ಮಾಸ್ತರರು ಹೇಳಿದ್ದಾರೆ, ಆಕೆ ಮೊಣಕಾಲು ಎಳೆದುಕೊಂಡಾದರೂ ಬರುತ್ತಾರೆ. ಅಕ್ಕನನ್ನು ಬಿಟ್ಟು ಶಾರದೆ ಬೇರೆ ದಾರಿ ಹಿಡಿಯುವವಳಲ್ಲ. ಈ ಹೊತ್ತಿಗೆ ಅವರಿಬ್ಬರೂ ದಂಡೆಗುಂಟದ ರಸ್ತೆಯಲ್ಲಿ ನಮ್ಮ ಕಡೆಗೇ ನಡೆದು ಬರುತ್ತಿರಬೇಕು.

ನಾನು ಎದ್ದು ಬಂದರಿನ ಕಡೆಗೆ ಹೊರಟೆ. ಫೂಲ್ಮಣಿ ಮುಂದೆ ಬಂದು ನಿಂತಳು. ನಾನು ಬಳಸಿ ಹೋಗಲು ನೋಡಿದೆ. ಅವಳು ಮತ್ತೆ ಅಡ್ಡ ಬಂದಳು. ದನಿ ಏರಿಸಲಿಲ್ಲ.

"ಆ ಕಡೆಯೂ ನಮ್ಮ ಜನ ಇದ್ದಾರೆ. ನಾನು ನಿಮ್ಮನ್ನು ಎಬ್ಬಿಸುತ್ತಿದ್ದೇನೆ, ಅವರು ಅವರನ್ನು ಎಬ್ಬಿಸುತ್ತಾರೆ. ಇಲ್ಲಿ ಎಲ್ಲರೂ ಪಕ್ಕದಲ್ಲಿ ಇದ್ದವರನ್ನು ಎಬ್ಬಿಸಿ ಮೇಲೆ ಹೋಗುತ್ತಾರೆ. ತಮ್ಮವರನ್ನು ಹುಡುಕಿಕೊಂಡು ಯಾರೂ ಕೆಳಗೆ ಹೋಗುವುದಿಲ್ಲ. ಹೋಗಬಾರದು ಅಂತ ಊರೆಲ್ಲ ಮಾತಾಡಿಕೊಂಡಿದ್ದೇವೆ."

"ಅವರನ್ನು ಎಬ್ಬಿಸದಿದ್ದರೆ?"

"ನೀವು ಹೋದರೂ ಎಬ್ಬಿಸಲು ಆಗುವುದಿಲ್ಲ. ಒಂದೂವರೆ ಕಿಲೋಮೀಟರ್ ಇದೆ."

ಮಾಸ್ತರರು ನನ್ನ ಹಿಂದೆ ಬಂದು ನಿಂತಿದ್ದರು. ಏಳು ಮಂದಿ ಆಗುವ ತನಕ ತಾವು ಕದಲುವುದಿಲ್ಲ ಎಂದು ಅವರು ಹೇಳಿದರು. ಹೇಳುವಾಗ ಅವರ ಕೈ ಸೀಟಿಯ ಮೇಲಿತ್ತು. ಅವರ ಹೆಂಡತಿ ಅಳತೊಡಗಿದ್ದರು. ಶಂಕ್ರಪ್ಪ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು. ನಾನು ಹೊರಡದಿದ್ದರೆ ಈ ನಾಲ್ವರೂ ಹೊರಡುವುದಿಲ್ಲ, ಮತ್ತು ಈ ಹೆಂಗಸು ನಮ್ಮೈವರನ್ನು ಬಿಟ್ಟು ಹೋಗುವವಳಂತೆ ಕಾಣುವುದಿಲ್ಲ. ಇಷ್ಟು ನನಗೆ ಸ್ಪಷ್ಟವಾಗಿ ಕಂಡಿತು. ಧೈರ್ಯದಿಂದ ತೀರ್ಮಾನ ಮಾಡಿದೆ ಎಂದು ಹೇಳಲಾರೆ. ಲೆಕ್ಕ ಹಾಕಿ ಮಾಡಿದೆ.

"ಮಾಸ್ತರ, ನಡೀರಿ."

"ಶಾರದಕ್ಕಾರ್ನ ಬಿಟ್ಟು?"

"ಬಿಟ್ಟು. ನಡೀರಿ ಅಂದೆ."

ಮಾಸ್ತರರು ಜಮಖಾನೆ ಮಡಿಸಲು ಬಾಗಿದರು. ಫೂಲ್ಮಣಿ ಅದನ್ನು ಬಿಡಿ ಎಂದಳು. ಬಿಟ್ಟೆವು. ಡಬ್ಬಿ, ಥರ್ಮಾಸು, ಚಪ್ಪಲಿ ಎಲ್ಲ ಅಲ್ಲೇ ಉಳಿದವು. ನಾನು ಬರಿಗಾಲಲ್ಲಿ ನಡೆದೆ.

ದಾರಿ ತೆಂಗಿನ ತೋಟದ ಹಿಂದಿನಿಂದ ಗುಡ್ಡ ಹತ್ತುತ್ತಿತ್ತು. ಇಪ್ಪತ್ತು ನಿಮಿಷದ ಏರು. ನನಗೆ ಮೊದಲು ಕಂಡದ್ದು ಗದ್ದಲ ಇಲ್ಲದಿರುವುದು. ಮನೆಗಳ ಬಾಗಿಲು ತೆರೆದೇ ಇದ್ದವು. ಪ್ರತಿ ಮನೆಯವರ ಕೈಯಲ್ಲೂ ಒಂದೊಂದೇ ಚೀಲ. ಕಾಗದಪತ್ರ, ಔಷಧಿ, ನೀರು, ಒಂದು ಹೊದಿಕೆ. ಬಾಗಿಲ ಹಿಂದೆ ಮೊಳೆಗೆ ಸದಾ ತೂಗಿ ಹಾಕಿರುತ್ತಾರಂತೆ. ಒಬ್ಬ ಮುದುಕಿಯನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಅವರಿಬ್ಬರೂ ಆಕೆಯ ಮಕ್ಕಳಲ್ಲ, ನೆರೆಯವರು ಎಂದು ಫೂಲ್ಮಣಿ ಹೇಳಿದಳು. ಮಕ್ಕಳು ಎಲ್ಲೋ ದೋಣಿಯ ಕೆಲಸದಲ್ಲಿದ್ದರು, ಅವರು ಅಲ್ಲಿಂದಲೇ ಇನ್ನೊಂದು ಗುಡ್ಡ ಹತ್ತಿರುತ್ತಾರೆ.

ಮೇಲೆ ನೀರಿನ ಟಾಕಿಯ ಪಕ್ಕ ಬಯಲಿತ್ತು. ಜನ ಕೇರಿ ಕೇರಿಯಾಗಿ ಕುಳಿತಿದ್ದರು. ವೀರೇಶ ಅಲ್ಲಿದ್ದ. ಬ್ಯಾಂಕಿನಿಂದ ನೇರ ಬಂದು, ಕೆಳಗಿನಿಂದ ಬರುವವರ ಮುಖಗಳನ್ನೇ ನೋಡುತ್ತ ನಿಂತಿದ್ದ. ನಮ್ಮ ಐವರನ್ನೂ ನೋಡಿದ. ನಮ್ಮ ಹಿಂದೆ ನೋಡಿದ. ನಾನು ಹೇಳಬೇಕಾದದ್ದನ್ನು ಎರಡು ವಾಕ್ಯದಲ್ಲಿ ಹೇಳಿದೆ. ಅವನು ಮೋಟರ್‌ಸೈಕಲ್ಲಿನ ಕೀಲಿ ತೆಗೆದ.

"ಕಾಕಾ, ನಮ್ಮವ್ವ ಅಲ್ಲಿ ಅದಾಳ."

"ಅದಾಳ. ಹೋಗಬ್ಯಾಡ."

"ಐದು ನಿಮಿಷದ ಹಾದಿ ಅದು."

"ನನಗೂ ಗೊತ್ತೈತಿ. ಹೋಗಬ್ಯಾಡ, ವೀರೇಶ."

ಅರ್ಧ ತಾಸಿನ ಹಿಂದೆ ನಾನು ಮಾಡಹೊರಟಿದ್ದನ್ನೇ ಅವನಿಗೆ ಬೇಡ ಎನ್ನುತ್ತಿದ್ದೆ. ಅವನು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಇಷ್ಟವಿಲ್ಲ. ಕೀಲಿ ನನ್ನ ಕೈಗೆ ಕೊಟ್ಟು ಟಾಕಿಯ ಆಚೆ ಹೋಗಿ ಕುಳಿತ.

ಅಲ್ಲಿ ಮೂರು ತಾಸು ಕಳೆದೆವು. ಸಮುದ್ರ ಮೇಲಿನಿಂದ ಪೂರ್ತಿ ಕಾಣುತ್ತಿತ್ತು. ಬಿಸಿಲಿಗೆ ಹೊಳೆಯುತ್ತಿತ್ತು, ಸುಮ್ಮನಿತ್ತು. ಬಂದರಿನ ಹಿಂದಿನ ಗುಡ್ಡವೂ ಕಾಣುತ್ತಿತ್ತು, ಆದರೆ ಅದರ ಮೇಲಿನ ಜನ ಕಾಣುವಷ್ಟು ಹತ್ತಿರವಿರಲಿಲ್ಲ. ಅಲ್ಲಿದ್ದ ಪೊಲೀಸನ ವೈರ್‌ಲೆಸ್ಸಿನಲ್ಲಿ ವಿಚಾರಿಸಿದೆ. ಆ ಗುಡ್ಡಕ್ಕೂ ಬಹಳ ಜನ ಹತ್ತಿದ್ದಾರೆ, ಹೆಸರು ಕೇಳುವ ಹೊತ್ತು ಇದಲ್ಲ ಎಂಬ ಉತ್ತರ ಬಂತು. ಸರಿಯಾದ ಉತ್ತರವೇ. ನಾನು ಎಷ್ಟೋ ಅಪಘಾತದ ಸ್ಥಳಗಳಲ್ಲಿ ಪೊಲೀಸರನ್ನು ಹೀಗೆ ಹೆಸರು ಕೇಳಿ ಕಾಡಿದ್ದೇನೆ. ಪಕ್ಕದಲ್ಲಿ ನಿಂತ ಮನೆಯವರ ಕಡೆ ನೋಡಿದವನಲ್ಲ.

ಮಾಸ್ತರರು ನನ್ನ ಹತ್ತಿರ ಬಂದು ಕುಳಿತು ಒಂದೇ ಮಾತು ಹೇಳಿದರು. "ಇಲ್ಲಿಗೇ ಬರ್ರಿ ಅಂತ ಅವರಿಗೆ ಹೇಳಿದಾಂವ ನಾನ." ಬಯಲಿಗೆ ಇಳಿಸಿದವನು ನಾನು ಎಂದು ನಾನು ಹೇಳಿದೆ.

ಸುನಾಮಿಯ ಅಪಾಯವಿಲ್ಲ ಎಂಬ ಸಂದೇಶ ಒಂದು ಗಂಟೆಯ ಹೊತ್ತಿಗೆ ಬಂತು. ಅದು ಬಂದ ಮೇಲೂ ಊರಿನ ಹಿರಿಯರು ಅರ್ಧ ತಾಸು ಯಾರನ್ನೂ ಇಳಿಯಲು ಬಿಡಲಿಲ್ಲ. ಆಮೇಲೆ ನಾನೂ ವೀರೇಶನೂ ಎಲ್ಲರಿಗಿಂತ ಮುಂದೆ ಇಳಿದೆವು.

ಗೌರವ್ವ ಮತ್ತು ಶಾರದೆ ಜಮಖಾನೆಯ ಮೇಲೆ ಕುಳಿತಿದ್ದರು. ಜಮಖಾನೆಯ ಇನ್ನೊಂದು ತುದಿಯಲ್ಲಿ ಒಂದು ನಾಯಿ ಮಲಗಿತ್ತು. ಚಕ್ಕುಲಿ ಡಬ್ಬಿ ಖಾಲಿಯಾಗಿತ್ತು. ವೀರೇಶ ಓಡಿಹೋಗಿ ತಾಯಿಯ ಕಾಲ ಹತ್ತಿರ ಕುಕ್ಕರಿಸಿದ. ಶಾರದೆ ಎದ್ದು ನಿಂತಳು, ನನ್ನ ಬರಿಗಾಲು ನೋಡಿದಳು, ನನ್ನ ಚಪ್ಪಲಿ ಹುಡುಕಿ ತಂದು ಮುಂದೆ ಇಟ್ಟಳು. ನಾನು ಮೆಟ್ಟಿಕೊಂಡೆ.

ಮಾತಾಡಿದ್ದೆಲ್ಲ ಗೌರವ್ವ. ನೆಲ ನಡುಗಿದ ಕೂಡಲೇ ಆಕೆ ತಂಗಿಯ ಕೈ ಹಿಡಿದು, ಬಿಟ್ಟ ಜಾಗಕ್ಕೆ ಹೋಗೋಣ ನಡಿ ಎಂದು ದಂಡೆಯ ರಸ್ತೆ ಹಿಡಿದಿದ್ದರಂತೆ. ಕಾಯಿಪಲ್ಲೆ ಮಾರುವವಳು ಕೂಗಿ ಕರೆದರೂ ನಿಂತಿಲ್ಲ. ನೂರು ಹೆಜ್ಜೆ ಬಂದಿರಬೇಕು, ಒಬ್ಬ ಸಾಮಾನು ಸಾಗಿಸುವ ಟೆಂಪೊದವನು ಗಾಡಿ ಅಡ್ಡ ತಂದು ನಿಲ್ಲಿಸಿದ. ಹತ್ತಿ ಎಂದ. ನಮ್ಮವರು ಅಲ್ಲಿ ಕಾಯುತ್ತಾರೆ ಎಂದು ಇವರು. ಅವನು ವಾದಕ್ಕೆ ನಿಲ್ಲಲಿಲ್ಲ. ಹಿಂದೆ ಕುಳಿತಿದ್ದ ಹೆಂಗಸರಿಬ್ಬರು ಇಳಿದು ಗೌರವ್ವನನ್ನು ಎರಡು ರಟ್ಟೆ ಹಿಡಿದು ಎತ್ತಿ ಗಾಡಿಯಲ್ಲಿ ಇಟ್ಟರು. ಶಾರದೆ ತಾನಾಗಿ ಹತ್ತಿದಳು.

"ಜ್ವಾಳದ ಚೀಲ ಒಗದಂಗ ಒಗದ್ರ ನನ್ನ" ಎಂದರು ಗೌರವ್ವ. "ನಿನ್ನ ಬಾಯಾಗ ಮಣ್ಣ ಹಾಕ, ಇಳಸೋ ನನ್ನ, ಅಂತ ಗುಡ್ಡ ಹತ್ತೂ ತನಕ ಬೈದೀನಿ. ಆ ಮೂಳ ಹಿಂದ ತಿರುಗಿ ನೋಡಿ ನಗತಾನ. ತಿಳೀಬೇಕಲ್ಲ ಅವಂಗ."

ಬಂದರಿನ ಗುಡ್ಡದ ಮೇಲೆ ಕುಳಿತ ಮೂರು ತಾಸೂ ಆಕೆಯ ಹೆದರಿಕೆ ಒಂದೇ. ನಾವು ಐವರು ಕೆಳಗೆ ಉಸುಕಿನಲ್ಲಿ ಇವರಿಗಾಗಿ ಕಾಯುತ್ತ ಕುಳಿತಿದ್ದೇವೆ ಎಂಬುದು. ಬಿಟ್ಟು ಹೋಗುವ ಜನ ನಾವಲ್ಲ ಎಂದು ಆಕೆಗೆ ಖಾತ್ರಿ ಇತ್ತು. ಆ ಖಾತ್ರಿಯೇ ಆಕೆಯನ್ನು ಸುಟ್ಟಿತು. ನಾನು ಈಚೆ ಗುಡ್ಡದಲ್ಲಿ ಅವರು ನಡೆದು ಬರುತ್ತಿದ್ದಾರೆ ಎಂದು ಬೆಂದೆ, ಅವರು ಆಚೆ ಗುಡ್ಡದಲ್ಲಿ ನಾವು ಕುಳಿತೇ ಇದ್ದೇವೆ ಎಂದು ಬೆಂದರು. ನಂಬಿಕೆ ಇಷ್ಟು ಕೆಡುಕು ಮಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

"ಕೆಳಗ ಹೋಗ್ರಿ ಅಂದ ಮ್ಯಾಲ ಆ ಗಾಡಿಯಾಂವನ ತಂದು ರಸ್ತೆಕ್ಕ ಇಳಿಸಿದ. ದೂರದಿಂದ ನೋಡಿದ್ವಿ, ಜಮಖಾನಿ ಖಾಲಿ ಇತ್ತು" ಎಂದಳು ಶಾರದೆ. ನಾವು ಇಳಿದು ಬಂದ ಮೇಲೆ ಅವಳು ಆಡಿದ ಮೊದಲ ಮಾತು. "ಆವಾಗ ನನಗ ಉಸಿರು ಬಂತು."

ಮರುದಿನ ಬೆಳಿಗ್ಗೆ ಗೌರವ್ವ ಅದೇ ಮೆಣಸಿನಕಾಯಿಯಲ್ಲಿ ಭಜಿ ಕರಿದರು. ಮೊದಲ ಪೊಟ್ಟಣ ಟೆಂಪೊದವನಿಗೆ ಹೋಯಿತು. ಹಿಂದಿನ ದಿನ ಬೈದ ಬೈಗುಳವನ್ನೆಲ್ಲ ಆಕೆ ಅವನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರಂತೆ. ಅವನು ಕುಳಿತು ಪೂರ್ತಿ ಕೇಳಿ, ಇನ್ನೆರಡು ಭಜಿ ಇಸಿದುಕೊಂಡನಂತೆ.

ಎರಡನೆಯ ಪೊಟ್ಟಣ ತೆಗೆದುಕೊಂಡು ನಾನು ಮತ್ತು ಮಾಸ್ತರರು ಫೂಲ್ಮಣಿಯ ಅಂಗಡಿಗೆ ಹೋದೆವು. ಧನ್ಯವಾದ ಹೇಳಿದೆ. ಅವಳಿಗೆ ಅದು ಬೇಕಿದ್ದಂತೆ ಕಾಣಲಿಲ್ಲ. ನೀವು ಎಷ್ಟು ಜನ ಎಂದು ಕೇಳಿದಳು. ಏಳು ಎಂದೆ.

"ಆ ಸುನಾಮಿಯ ದಿನ ನಾವು ಹನ್ನೊಂದು ಜನ ಇದ್ದೆವು" ಎಂದಳು. "ನಮ್ಮ ಅಪ್ಪ, ಎಲ್ಲರೂ ಬರಲಿ ಅಂದ. ನನಗೂ ತಮ್ಮನಿಗೂ ಕೇಳಿಸಲಿಲ್ಲ, ನಾವು ಮುಂದೆ ಓಡಿದ್ದೆವು."

ಅಷ್ಟು ಹೇಳಿ ಚಹಾ ಸೋಸಿದಳು. ನನ್ನ ವೃತ್ತಿಯಲ್ಲಿ ಇಂಥ ಕಡೆ ಇನ್ನೊಂದು ಪ್ರಶ್ನೆ ಕೇಳುವುದು ರೂಢಿ. ನಾನು ಕೇಳಲಿಲ್ಲ. ಮಾಸ್ತರರು ಪೊಟ್ಟಣ ಬಿಚ್ಚಿ ಅವಳ ಮುಂದೆ ಇಟ್ಟರು. ಹಿಂತಿರುಗುವ ಪ್ರವಾಸದಲ್ಲಿ ಅವರು ತಲೆ ಎಣಿಸಿದರು, ಎಣಿಸುವುದನ್ನು ಬಿಡಲು ಅವರಿಂದಾಗುವುದಿಲ್ಲ. ಆದರೆ ಬಿಟ್ಟ ಜಾಗಕ್ಕೆ ಬನ್ನಿ ಎಂಬ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಗದಗಿಗೆ ಬಂದ ಮೇಲೆ ಇದನ್ನು ಹಲವರಿಗೆ ಹೇಳಿದ್ದೇನೆ. ರಜೆಯಲ್ಲಿ ಕಾರವಾರಕ್ಕೋ ಗೋಕರ್ಣಕ್ಕೋ ಹೋಗುವವರು ಇದ್ದರೆ ಕರೆದು ಹೇಳುತ್ತೇನೆ. ನೆಲ ಗಟ್ಟಿಯಾಗಿ ಅಲುಗಿದರೆ, ಅಥವಾ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ನೋಡುತ್ತ ನಿಲ್ಲಬೇಡಿ, ಎತ್ತರಕ್ಕೆ ಹೋಗಿ. ಮತ್ತೆ ಹೋಗುವ ಮೊದಲೇ ಮನೆಯವರೆಲ್ಲ ಕೂಡಿ ಒಂದು ಮಾತು ಆಡಿಕೊಳ್ಳಿ: ಯಾರೂ ಯಾರಿಗೂ ಕಾಯುವುದಿಲ್ಲ, ಎಲ್ಲರೂ ಮೇಲೆಯೇ ಸಿಗೋಣ. ಕೇಳಿದವರು ತಲೆಯಾಡಿಸುತ್ತಾರೆ. ಕೆಲವರು, ಹೆಂಡತಿಯನ್ನು ಬಿಟ್ಟು ಹೋದಿರಾ ಎಂದು ನಗುತ್ತಾರೆ. ಶಂಕ್ರಪ್ಪನೂ ಮುಳಗುಂದದಲ್ಲಿ ಅದನ್ನೇ ಹೇಳಿ ನಗಿಸುತ್ತಾರೆ ಎಂದು ಕೇಳಿದ್ದೇನೆ. ಹೇಳಲಿ. ಹಾಗಾದರೂ ಜನಕ್ಕೆ ನೆನಪು ಉಳಿಯುತ್ತದೆ.

ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಶಾರದೆ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು.

"ಅವತ್ತು ಖರೇನ ನೀರು ಬಂದಿದ್ರ? ನಾನು ಅಕ್ಕ ಕೆಳಗೇ ಇದ್ದಿದ್ರ?"

"ನಾ ಮ್ಯಾಲಿರ್ತಿದ್ದೆ" ಎಂದೆ. ಬೇರೆ ಏನು ಹೇಳಲಿ, ನಡೆದದ್ದು ಅದೇ.

ಅವಳು ಇನ್ನೂ ನಾಲ್ಕು ಕಾಯಿ ಸುಲಿದಳು.

"ಮೊದಲ ಒಂದ್ ಗಳಿಗಿ ನನಗ ಕೆಟ್ಟನಿಸಿತ್ತು. ಖಾಲಿ ಜಮಖಾನಿ ನೋಡಿ ಉಸಿರು ಬಂತು, ಅದರ ಹಿಂದ ಕೆಟ್ಟೂ ಅನಿಸ್ತು. ಸುಳ್ಳ ಯಾಕ ಹೇಳ್ಲಿ." ಮೊರದಲ್ಲಿನ ಕಾಳನ್ನು ಒಮ್ಮೆ ಕೇರಿದಳು. "ಈಗ ಇಲ್ಲ. ಮಕ್ಕಳಿಗೆ ಖಬರ ಹೇಳಾಕರ ಒಬ್ರು ಉಳೀಬೇಕಲ್ಲ."

ನಾನು ಪೇಪರ್ ಕೆಳಗಿಟ್ಟೆ. ಅವಳಿಗೆ ಒಂದು ವಿಷಯ ನಾನು ಹೇಳಿರಲಿಲ್ಲ. ಆಗ ಹೇಳಿದೆ. ಆ ಇಪ್ಪತ್ತು ನಿಮಿಷದ ಏರಿನಲ್ಲಿ ಹಿಂದೆ ತಿರುಗಿ ನೋಡಬೇಡಿ, ಎಡವುತ್ತೀರಿ ಎಂದು ಫೂಲ್ಮಣಿ ಎರಡು ಸಲ ಎಚ್ಚರಿಸಿದಳು. ಅದೊಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ. ಬಂದರಿನ ರಸ್ತೆ ಮರಗಳ ನಡುವೆ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ನೋಡಿದೆ. ನೋಡುತ್ತಲೇ ಹತ್ತಿದೆ.